ನಡುಗದ ಪುಟಗಳ ವಾರಸುದಾರ

ಬಸ್ಸಿನಲ್ಲಿ ಜನ ಮರೆತು ಹೋದ ಸಾಮಾನೆಲ್ಲ ಕೊನೆಗೆ ಬಂದು ಬೀಳುವ ಕಚೇರಿಯೊಂದಿತ್ತು. ಡಿಪೋದ ಹಿಂಭಾಗದಲ್ಲಿ, ಹಳೇ ಟೈರುಗಳ ರಾಶಿಯ ಪಕ್ಕ, ಎರಡೇ ಕೋಣೆ. ಮುಂದಿನದರಲ್ಲಿ ಕೌಂಟರು, ಹಿಂದಿನದರಲ್ಲಿ ಕಪಾಟುಗಳು. ಒಂದು ಕಪಾಟಿನ ತುಂಬ ಕೊಡೆ, ಒಂದರ ತುಂಬ ಊಟದ ಡಬ್ಬಿ, ಇನ್ನೊಂದರಲ್ಲಿ ಬರೀ ಎಡಗಾಲಿನ ಚಪ್ಪಲಿ. ಜನ ಎಡಗಾಲಿನದನ್ನೇ ಯಾಕೆ ಬಿಟ್ಟು ಹೋಗುತ್ತಾರೆ, ಉಳಿದ ಒಂದನ್ನು ಮೆಟ್ಟಿಕೊಂಡು ಮನೆ ಹೇಗೆ ಮುಟ್ಟುತ್ತಾರೆ ಎಂದು ನನ್ನನ್ನು ಕೇಳಬೇಡಿ. ಇಪ್ಪತ್ತೆರಡು ವರ್ಷ ಅಲ್ಲಿ ಗುಮಾಸ್ತನಾಗಿದ್ದವನಿಗೇ ಅದು ಬಗೆಹರಿದಿರಲಿಲ್ಲ.

ಆ ಗುಮಾಸ್ತನನ್ನು ಎಲ್ಲರೂ ಕೊಡೆಯಣ್ಣ ಎಂದು ಕರೆಯುತ್ತಿದ್ದರು. ಮಳೆಯ ಮರುದಿನ ನೂರು ಕೊಡೆ ಬಂದು ಬಿದ್ದರೂ, ಹಿಡಿಕೆ ಸವೆದ ರೀತಿ ನೋಡಿ ಇದು ಟೀಚರಮ್ಮನದು, ಇದು ಸಿಡುಕು ಮುದುಕನದು ಎಂದು ಬೇರೆ ಮಾಡುತ್ತಿದ್ದ. ಅಂಥ ನಿಗಾ ಇದ್ದ ಮನುಷ್ಯ ಒಂದು ಗುಟ್ಟನ್ನೂ ಅಷ್ಟೇ ನಿಗಾದಿಂದ ಕಾಪಾಡಿಕೊಂಡು ಬಂದಿದ್ದ. ಹನ್ನೊಂದು ವರ್ಷದಿಂದ ಅವನೊಂದು ಕಾದಂಬರಿ ಬರೆಯುತ್ತಿದ್ದ.

ಬರೆಯುವುದಕ್ಕೆ ಹೊತ್ತೆಲ್ಲಿತ್ತು? ಬೆಳಿಗ್ಗೆ ಬಸ್ಸಿನಲ್ಲಿ ನಲವತ್ತು ನಿಮಿಷ, ಸಂಜೆ ನಲವತ್ತು ನಿಮಿಷ. ಹಿಂಚಕ್ರದ ಮೇಲಿನ ಸೀಟು ಯಾರಿಗೂ ಬೇಡವಾದ್ದರಿಂದ ಅದು ಅವನಿಗೇ ಸಿಗುತ್ತಿತ್ತು. ಅಲ್ಲಿ ಕೂತು ಬರೆದರೆ ಅಕ್ಷರಗಳು ಚಳಿಜ್ವರ ಬಂದವರ ಹಾಗೆ ನಡುಗುತ್ತಿದ್ದವು. ಇನ್ನು, ಹೇಳಬಾರದು, ಆದರೂ ಹೇಳುತ್ತೇನೆ: ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಕೌಂಟರಿಗೆ ನರಪಿಳ್ಳೆಯೂ ಸುಳಿಯದ ಹೊತ್ತಿನಲ್ಲಿ, ದೊಡ್ಡ ರಿಜಿಸ್ಟರಿನ ಅಡಿಯಲ್ಲಿ ನೋಟ್‌ಬುಕ್ಕನ್ನು ಬಿಚ್ಚಿಕೊಳ್ಳುತ್ತಿದ್ದ. ಆಗ ಅಕ್ಷರಗಳು ಮುತ್ತು ಪೋಣಿಸಿದಂತೆ ಬರುತ್ತಿದ್ದವು.

ಕಾದಂಬರಿಯಲ್ಲಿ ಒಬ್ಬ ಮುದಿ ಸೂಲಗಿತ್ತಿ. ಎಡಗಾಲು ಕುಂಟು. ಊರಿನವರನ್ನೆಲ್ಲ ಭೂಮಿಗೆ ಇಳಿಸಿಕೊಂಡವಳು ಅವಳೇ, ಒಬ್ಬೊಬ್ಬರನ್ನೂ ಅವರ ಮೊದಲ ಅಳುವಿನಿಂದ ನೆನಪಿಟ್ಟವಳು. ಹೆರಿಗೆಗೊಂದರಂತೆ ದಾರಕ್ಕೆ ಗಂಟು ಹಾಕುತ್ತ ಬಂದಿದ್ದಾಳೆ. ಗಂಟು ಸಾವಿರದ ನೂರ ಒಂದು, ನೆನಪಿರುವ ಅಳು ಮಾತ್ರ ಸಾವಿರದ ನೂರು. ಆ ಒಂದು ಮಗು ಯಾವುದೆಂದು ಹುಡುಕಿಕೊಂಡು ಎಪ್ಪತ್ತರ ವಯಸ್ಸಿನಲ್ಲಿ ಮನೆಮನೆಯ ಬಾಗಿಲು ತಟ್ಟುತ್ತ ಹೊರಟಿದ್ದಾಳೆ. ಕೊನೆಯ ಬಾಗಿಲಿಗೆ ಬಂದು ಕೈ ಎತ್ತಿದ್ದಾಳೆ. ಎತ್ತಿ ಮೂರು ವರ್ಷವಾಗಿತ್ತು.

"ಆ ಮುದುಕಿ ಇನ್ನೂ ಬಾಗಿಲಲ್ಲೇ ನಿಂತಿದಾಳಾ?" ಎಂದು ಹೊಲಿಗೆ ಮಿಷನ್ನಿನ ಮುಂದಿನಿಂದ ಹೆಂಡತಿ ಆಗಾಗ ಕೇಳುವಳು. "ಪಾಪ, ಕೈ ನೋಯಲ್ವಾ ಅವಳಿಗೆ?" ಗುಟ್ಟು ಗೊತ್ತಿದ್ದದ್ದು ಅವಳೊಬ್ಬಳಿಗೇ.

ಒಂದು ಸಂಜೆ ಬಸ್ಸಿನಲ್ಲಿ ಬಾಗಿಲ ಬಗ್ಗೆಯೇ ಯೋಚಿಸುತ್ತ ಯೋಚಿಸುತ್ತ ಕೊಡೆಯಣ್ಣ ತನ್ನ ಸ್ಟಾಪು ದಾಟುವುದರಲ್ಲಿದ್ದ. ಗಾಬರಿ ಬಿದ್ದು ಧುಮುಕಿದ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಕಂಕುಳು ಖಾಲಿ ಎನಿಸಿತು. ನೋಟ್‌ಬುಕ್ಕು ಸೀಟಿನ ಮೇಲೇ ಉಳಿದಿತ್ತು. ಹನ್ನೊಂದು ವರ್ಷ, ಇನ್ನೂರ ಹತ್ತು ಪುಟ, ಮೇಲೆ ಹೆಸರೂ ಇಲ್ಲ. ಸಿಕ್ಕಿಬಿದ್ದರೆ ಕಷ್ಟ ಎಂದು ಅವನೇ ಹೆಸರು ಬರೆದಿರಲಿಲ್ಲ. ಮನೆಗೆ ಬಂದು ಗೋಡೆಗೊರಗಿ ಕೂತ.

"ಬಸ್ಸಲ್ಲಿ ಕಳೆದದ್ದು ಎಲ್ಲಿಗ್ರೀ ಹೋಗತ್ತೆ?" ಎಂದಳು ಹೆಂಡತಿ. "ನಿಮ್ಮ ಆಫೀಸಿಗೇ ತಾನೇ? ಏಳಿ, ಊಟ ಮಾಡಿ."

ಅವಳು ಹೇಳಿದ ಹಾಗೇ ಆಯಿತು. ಮರುದಿನ ಬೆಳಿಗ್ಗೆ ಕಂಡಕ್ಟರ್ ತಂದು ಸುರಿದ ಚೀಲದಲ್ಲಿ ಎರಡು ಕೊಡೆ, ಒಂದು ಡಬ್ಬಿ, ಒಂದು ಎಡಗಾಲಿನ ಚಪ್ಪಲಿ, ಅವುಗಳಡಿಯಲ್ಲಿ ನೋಟ್‌ಬುಕ್ಕು. ಕೊಡೆಯಣ್ಣ ಅದನ್ನೆತ್ತಿ ಎದೆಗೊತ್ತಿಕೊಂಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದು ಅಲ್ಲೇ ಆಯಿತು.

"ಏನ್ರೀ ಅದು?" ಹಿಂದೆ ಮೇಡಂ ನಿಂತಿದ್ದರು.

ಮೇಡಂ ಎಂದರೆ ಆ ಕಚೇರಿಯ ಮೇಲಧಿಕಾರಿ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡವರು. ಮೂವತ್ತಾರು ವರ್ಷದ ನೌಕರಿಯಲ್ಲಿ ಒಂದು ಗುಂಡುಸೂಜಿಯನ್ನೂ ಮನೆಗೆ ಒಯ್ಯದವರು. ಆ ತಿಂಗಳ ಕೊನೆಗೆ ಅವರ ನಿವೃತ್ತಿ.

"ನಂದೇ ಮೇಡಂ ಇದು."

"ಇಲ್ಲಿಗೆ ಬರೋರೆಲ್ಲ ಹಾಗೇ ಹೇಳೋದು. ಏಳನೇ ನಿಯಮ ಏನ್ ಹೇಳತ್ತೆ?"

ಏಳನೇ ನಿಯಮ ಕೊಡೆಯಣ್ಣನಿಗೆ ಬಾಯಿಪಾಠ, ಯಾಕೆಂದರೆ ಅದನ್ನು ಬರೆದವನು ಅವನೇ. ಹಿಂದೊಮ್ಮೆ ಯಾರದೋ ದಿನಚರಿ ಪುಸ್ತಕ ಇನ್ಯಾರದೋ ಕೈ ಸೇರಿ ಒಂದು ನಿಶ್ಚಯವಾದ ಮದುವೆ ಮುರಿದುಬಿದ್ದಿತ್ತು. ಆಗ ಹೊಸ ನಿಯಮದ ಕರಡು ಮಾಡಲು ಅವನಿಗೆ ಹೇಳಿದ್ದರು. 'ಬರಹವುಳ್ಳ ಯಾವುದೇ ವಸ್ತು ದೊರೆತಲ್ಲಿ ಅಧಿಕಾರಿಯು ಅದನ್ನು ಮೊದಲಿನಿಂದ ಕೊನೆಯವರೆಗೆ ಓದತಕ್ಕದ್ದು. ವಾರಸುದಾರನು ಅದರ ಗುರುತನ್ನು ಹೇಳತಕ್ಕದ್ದು.' 'ಓದತಕ್ಕದ್ದು' ಎಂದಷ್ಟೇ ಇದ್ದರೆ ಸಾಕಿತ್ತು. 'ಮೊದಲಿನಿಂದ ಕೊನೆಯವರೆಗೆ' ಎಂಬುದನ್ನು ವಾಕ್ಯಕ್ಕೆ ತೂಕ ಬರಲಿ ಎಂದು ಸೇರಿಸಿದ್ದ. ಮಾಡಿದ್ದುಣ್ಣೋ ಮಹರಾಯ.

ಮೇಡಂ ಮೂರು ದಿನ ಓದಿದರು. ತಮ್ಮ ಮೇಜಿನಲ್ಲಿ, ನೆಟ್ಟಗೆ ಕೂತು, ಬೆರಳಿಗೆ ನೀರು ಹಚ್ಚಿ ಪುಟ ತಿರುವುತ್ತ. ಕೌಂಟರಿನಲ್ಲಿ ಕೊಡೆಯಣ್ಣ ಮೈಯೆಲ್ಲ ಕಿವಿಯಾಗಿ ಕೂತಿದ್ದ. ಎರಡನೇ ದಿನ ಮೇಡಂ ಫಕ್ಕನೆ ನಕ್ಕರು. ಅವರು ನಕ್ಕದ್ದನ್ನು ಆ ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಯಾವ ಪುಟ ಮೇಡಂ?"

"ಅದನ್ನ ನೀವು ಹೇಳ್ಬೇಕು. ನೀವು ವಾರಸುದಾರರು ತಾನೇ?"

ನಾಲ್ಕನೇ ದಿನ ವಿಚಾರಣೆ. ಕೊಡೆಯಣ್ಣ ಕಥೆಯನ್ನು ಮೊದಲಿನಿಂದ ಹೇಳಿದ. ಕಪಾಟುಗಳ ಬೀಗ ನೋಡಿಕೊಳ್ಳುವ ಬೀಗದಣ್ಣ ಬಾಗಿಲಿಗೊರಗಿ ಕೇಳುತ್ತ ಎರಡು ಸಲ ಕಣ್ಣೊರೆಸಿಕೊಂಡ. ಮೇಡಂ ಒಂದೊಂದಕ್ಕೂ ಗುರುತು ಹಾಕಿಕೊಳ್ಳುತ್ತ ಹೋದರು.

"ಸೂಲಗಿತ್ತಿಗೆ ಯಾವ ಕಾಲು ಕುಂಟು?"

"ಎಡಗಾಲು ಮೇಡಂ."

"ನಾಲ್ಕನೇ ಅಧ್ಯಾಯದಲ್ಲಿ ಬಲಗಾಲು ಅಂತಿದೆ."

ಕೊಡೆಯಣ್ಣ ಬಗ್ಗಿ ನೋಡಿದ. ಹನ್ನೊಂದು ವರ್ಷ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.

"ಇರಲಿ," ಎಂದರು ಮೇಡಂ. "ಬರೆದಿರೋದು ನೀವೇ ಅಂತ ಒಪ್ಪಿದೆ. ಈಗ ಬೇರೆ ಪ್ರಶ್ನೆ. ಎಲ್ಲಿ ಕೂತು ಬರೆದ್ರಿ?"

"ಎಲ್ಲಾ ಬಸ್ಸಲ್ಲೇ ಮೇಡಂ."

ಮೇಡಂ ಒಂದು ಪುಟ ತೆರೆದು ತಿರುಗಿಸಿ ಇಟ್ಟರು. "ಇದು ನಡುಗ್ತಿದೆ." ಇನ್ನೊಂದು ತೆರೆದರು. "ಇದು ನಡುಗ್ತಾ ಇಲ್ಲ."

"ಆಗ ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತ್ತು ಮೇಡಂ."

"ತೊಂಬತ್ತಾರು ಪುಟ ಬರೆಯೋವರೆಗೂ?"

ಅನುಮಾನವನ್ನು ಅನುಮಾನವಾಗಿಯೇ ಬಿಡುವ ಜಾಯಮಾನ ಅವರದಲ್ಲ. ಮರುದಿನ ಬೆಳಿಗ್ಗೆ ಸ್ಥಳ ಪರಿಶೀಲನೆ ಇಟ್ಟರು. ಅದೇ ಬಸ್ಸು, ಅದೇ ಸೀಟು. ಕೊಡೆಯಣ್ಣನ ತೊಡೆಯ ಮೇಲೆ ಬಿಳಿ ಹಾಳೆ, ಪಕ್ಕದಲ್ಲಿ ಮೇಡಂ, ಹಿಂದೆ ಸಾಕ್ಷಿಯಾಗಿ ಬೀಗದಣ್ಣ. 'ಸೂಲಗಿತ್ತಿ ಹೊರಟಳು' ಎಂಬ ಎರಡೇ ಪದವನ್ನು ದಾರಿಯುದ್ದಕ್ಕೂ ಬರೆಯುತ್ತ ಹೋಗಬೇಕು. ಮೇಡಂ ಗಡಿಯಾರ ಹಿಡಿದು ಕೂತರು.

ಮುಂದಿನ ಸೀಟಿನ ಅಜ್ಜ ತರಕಾರಿ ಚೀಲ ತಬ್ಬಿಕೊಂಡು ಹಿಂದಕ್ಕೆ ತಿರುಗಿದ. "ಏನಪ್ಪಾ ಇದು, ಪರೀಕ್ಷೆಯಾ?"

"ಹೂಂ, ನೌಕರಿ ವಿಷಯ," ಎಂದ ಬೀಗದಣ್ಣ.

"ಬಸ್ಸಲ್ಲಿ ಕೂತು ಬರೆಯೋ ನೌಕರೀನೂ ಇದ್ಯಾ? ನಮ್ಮ ಅಳಿಯ ಮನೇಲೇ ಇದಾನೆ, ಅವನಿಗೂ ಒಂದು ಹೇಳಿ."

ಆಸ್ಪತ್ರೆ ಮುಂದಿನ ಹಂಪಿನ ಮೇಲೆ ಬಸ್ಸು ಎಗರಿತು. ಸೂಲಗಿತ್ತಿಯ 'ಗಿ' ಸಾಲು ಬಿಟ್ಟು ಮೇಲಕ್ಕೆ ಹಾರಿತು. ಮೇಡಂ ನೋಟ್‌ಬುಕ್ಕಿನ ಇಪ್ಪತ್ತೆರಡನೇ ಪುಟ ತೆಗೆದು ಪಕ್ಕದಲ್ಲಿ ಹಿಡಿದರು. ಅಲ್ಲೂ ಒಂದು 'ಗಿ' ಅಷ್ಟೇ ಎತ್ತರಕ್ಕೆ ಹಾರಿತ್ತು. ಬಸ್ಸಿನವರೆಲ್ಲ ಎದ್ದು ನಿಂತು ನೋಡಿದರು. ಕಂಡಕ್ಟರ್ ಟಿಕೆಟ್ಟು ಕೊಡುವುದನ್ನು ಬಿಟ್ಟು, "ಹಂಪು ಅದೇ ಮೇಡಂ, ನಾನು ಸಾಕ್ಷಿ," ಎಂದ. ದೊಡ್ಡ ಸಿಗ್ನಲ್ಲಿನಲ್ಲಿ ಬಸ್ಸು ನಾಲ್ಕು ನಿಮಿಷ ನಿಂತಿತು. ಅಷ್ಟರಲ್ಲಿ ಕೊಡೆಯಣ್ಣ ನಡುಗದೆ ಬರೆದದ್ದು ಆರು ಸಾಲು. ಮೇಡಂ ಅಲ್ಲೇ ಪೆನ್ಸಿಲು ತೆಗೆದು ಭಾಗಿಸಿ ಗುಣಿಸಿದರು. ತೊಂಬತ್ತಾರು ಪುಟ ಆಗಬೇಕಾದರೆ ಬಸ್ಸು ಇಪ್ಪತ್ತೆಂಟು ಗಂಟೆ ಸಿಗ್ನಲ್ಲಿನಲ್ಲಿ ನಿಲ್ಲಬೇಕಿತ್ತು.

"ನಿಲ್ಲತ್ತೆ ಮೇಡಂ, ಈ ರೋಡಲ್ಲಿ ಅದೇನು ದೊಡ್ಡದಲ್ಲ," ಎಂದ ಅಜ್ಜ. ಆದರೆ ಅವನ ಸಾಕ್ಷಿಯನ್ನು ಅವರು ದಾಖಲಿಸಿಕೊಳ್ಳಲಿಲ್ಲ.

ಕೊಡೆಯಣ್ಣ ಒಪ್ಪಿಕೊಂಡ. ತೀರ್ಮಾನ ಆ ಮಧ್ಯಾಹ್ನವೇ ಹೊರಬಿತ್ತು. ಬಸ್ಸಿನಲ್ಲಿ ಬರೆದ ನಡುಗುವ ಪುಟಗಳು ಅವನ ಸ್ವಂತದವು. ಕಚೇರಿಯ ವೇಳೆಯಲ್ಲಿ ಬರೆದ ನಡುಗದ ಪುಟಗಳು ಕಚೇರಿಯ ಆಸ್ತಿ. ಬೀಗದಣ್ಣ ಬ್ಲೇಡು ತಂದು ಹೊಲಿಗೆ ಬಿಚ್ಚಿದ. ಬಿಚ್ಚುವಾಗ, "ಕ್ಷಮಿಸು ಕೊಡೆಯಣ್ಣ," ಎಂದು ಎರಡು ಸಲ ಹೇಳಿದ. ನಡುಗುವ ನೂರ ಹದಿನಾಲ್ಕು ಪುಟ ಒಂದು ಕಡೆ, ನಡುಗದ ತೊಂಬತ್ತಾರು ಇನ್ನೊಂದು ಕಡೆ. ಸಹಿ ಹಾಕಿಸಿಕೊಂಡು ಅವನ ಪಾಲನ್ನು ಅವನಿಗೆ ಕೊಟ್ಟರು. ಉಳಿದದ್ದು ಕಪಾಟಿಗೆ ಹೋಯಿತು, ಚಪ್ಪಲಿಗಳ ಪಕ್ಕಕ್ಕೆ.

ಮನೆಗೆ ಒಯ್ದು ಓದಿದರೆ ಅನರ್ಥವೇ ಆಗಿತ್ತು. ಬಸ್ಸಿನಲ್ಲಿ ಬರೆಯುವಾಗ ಅವನಿಗೆ ಸೂಲಗಿತ್ತಿಯನ್ನು ನಡೆಸುವ ಹುಕಿ ಬರುತ್ತಿತ್ತು, ಕಚೇರಿಯಲ್ಲಿ ಬರೆಯುವಾಗ ಕೂರಿಸುವ ಹುಕಿ. ಈಗ ಅವನ ಪಾಲಿಗೆ ಬಂದ ಸೂಲಗಿತ್ತಿ ಕೂರುವುದೇ ಇಲ್ಲ, ಕುಂಟುಗಾಲಿನಲ್ಲಿ ನಡೆಯುತ್ತಲೇ ಇದ್ದಾಳೆ. ಕಚೇರಿಯ ಪಾಲಿನವಳು ಎದ್ದೇ ಇಲ್ಲ. ಅರ್ಧ ಸೂಲಗಿತ್ತಿಯನ್ನು ಇಟ್ಟುಕೊಂಡು ಏನು ಮಾಡುವುದು? ಕೊಡೆಯಣ್ಣ ಅತ್ತ. ನಲವತ್ತೆಂಟು ವರ್ಷದ ಗಂಡಸು ಹೊಲಿಗೆ ಮಿಷನ್ನಿನ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತ. ಹೆಂಡತಿ ಗೇಲಿ ಮಾಡಲಿಲ್ಲ. ಬಟ್ಟೆಯ ಚೂರೊಂದನ್ನು ಕಣ್ಣೊರೆಸಲು ಕೊಟ್ಟಳು.

ಇಷ್ಟಕ್ಕೇ ಮುಗಿಯಲಿಲ್ಲ. ಮರುವಾರ ಮೇಡಂ ಆದೇಶವೊಂದನ್ನು ಹೊರಡಿಸಿದರು. ಕಚೇರಿಯ ಆಸ್ತಿ ಅರ್ಧಕ್ಕೆ ನಿಂತಿರುವುದು ಸರಿಯಲ್ಲ, ಆದ್ದರಿಂದ ಗುಮಾಸ್ತನು ಪ್ರತಿದಿನ ಮೂರರಿಂದ ನಾಲ್ಕರವರೆಗೆ ಕುಳಿತು, ತಿಂಗಳು ಮುಗಿಯುವುದರೊಳಗೆ ಅದನ್ನು ಪೂರ್ತಿಗೊಳಿಸತಕ್ಕದ್ದು. ಕಿಟಕಿ ಪಕ್ಕ ಮೇಜು ಕೊಟ್ಟರು, ತಲೆಯ ಮೇಲೆ ಫ್ಯಾನು, ಹೊಸ ಪೆನ್ನು. ಜಗತ್ತಿನಲ್ಲಿ ಯಾವ ಬರಹಗಾರನಿಗೆ ಈ ಭಾಗ್ಯ ಬಂದೀತು? ಕೊಡೆಯಣ್ಣ ಕೂತ. ಒಂದು ಗಂಟೆ ಕೂತು ಎದ್ದಾಗ ಹಾಳೆಯ ಮೇಲೆ ಇದ್ದದ್ದು ಇದು: 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಸೂಲಗಿತ್ತಿಯು ಸದರಿ ಬಾಗಿಲನ್ನು ತಟ್ಟುವ ಬಗ್ಗೆ ಸೂಕ್ತ ಕ್ರಮ ಕೈಗೊಂಡಿರುತ್ತಾಳೆ.'

ಕದ್ದು ತಿಂದ ಹಣ್ಣಿನ ರುಚಿ ಕೊಟ್ಟು ತಿನ್ನಿಸಿದರೆ ಇರುವುದಿಲ್ಲ. ಅಷ್ಟೇ ಆಗಿದ್ದರೆ ಸರಿ, ಕದಿಯುವ ಚಾಳಿ ಬಿಡಬೇಕಲ್ಲ? ಬೆಳಗಿನ ಹೊತ್ತು ಸಾರ್ವಜನಿಕರಿಗೆ ಉತ್ತರ ಬರೆಯುವಾಗ ಕೈ ತಾನೇ ಎಲ್ಲೆಲ್ಲೋ ಹೋಗತೊಡಗಿತು. 'ತಮ್ಮ ಕೊಡೆ ಸಿಕ್ಕಿದೆ. ಒಂದು ಕಡ್ಡಿ ಮುರಿದಿದೆ. ಬಂದ ದಿನದಿಂದ ಗೋಡೆಯ ಕಡೆ ಮುಖ ಮಾಡಿ ನಿಂತಿದೆ, ಯಾರೊಂದಿಗೂ ಸೇರಿಲ್ಲ. ಬೇಗ ಬನ್ನಿ.' ಈ ಕಾಗದ ಕೈಯಲ್ಲಿ ಹಿಡಿದು ಹೆಂಗಸೊಬ್ಬಳು ಕಣ್ಣೀರು ಸುರಿಸುತ್ತ ಬಂದಳು. ಕೊಡೆಯನ್ನು ತಬ್ಬಿಕೊಂಡು ಹೋದಳು. ವಾರದಲ್ಲಿ ಹನ್ನೊಂದು ಕೊಡೆ ಖಾಲಿಯಾದವು.

ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಮೂರೂಮುಕ್ಕಾಲಿಗೆ ಮೇಡಂ ಬಂದು ಅವನ ಮೇಜಿನೆದುರು ನಿಂತರು. ಹಾಳೆ ಖಾಲಿ.

"ಆ ಮಗು ಸಿಗತ್ತೇನ್ರೀ?" ಅಧಿಕಾರಿಯ ದನಿಯಲ್ಲ ಅದು.

"ಗೊತ್ತಿಲ್ಲ ಮೇಡಂ."

"ಬರೆಯೋರಿಗೇ ಗೊತ್ತಿಲ್ಲ ಅಂದ್ರೆ ಹೇಗೆ?" ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ನಾನು ಹುಟ್ಟಿದಾಗ ಅಳಲೇ ಇಲ್ಲವಂತೆ. ಬದುಕಿಲ್ಲ ಅಂದ್ಕೊಂಡು ಎತ್ತಿ ಪಕ್ಕಕ್ಕಿಟ್ಟಿದ್ರಂತೆ. ಅಮ್ಮ ಹೇಳ್ತಿದ್ರು. ಸುಮ್ನೆ ನೆನಪಾಯ್ತು." ಹೇಳಿ ತಮ್ಮ ಕುರ್ಚಿಗೆ ಹೋಗಿ ಯಾವುದೋ ಫೈಲು ಬಿಚ್ಚಿದರು.

ಆ ಸಂಜೆ ಬಸ್ಸು ಹೊರಡುವ ಮೊದಲೇ ಕೊಡೆಯಣ್ಣ ಬರೆಯತೊಡಗಿದ್ದ. ತನ್ನ ಸ್ಟಾಪು ದಾಟಿತು, ಕೊನೆಯ ಸ್ಟಾಪು ಬಂತು, ಅದೇ ಬಸ್ಸಿನಲ್ಲಿ ವಾಪಸ್ಸು ಬಂದ. ಏಳು ಪುಟ. ಸೂಲಗಿತ್ತಿ ಬಾಗಿಲು ತಟ್ಟುತ್ತಾಳೆ. ತೆಗೆಯುವವಳು ಕನ್ನಡಕಕ್ಕೆ ದಾರ ಕಟ್ಟಿಕೊಂಡ ಹೆಂಗಸು. ಒಳಗೆ ಗೋಡೆಯುದ್ದಕ್ಕೂ ಜನ ಕಳೆದುಕೊಂಡ ಸಾಮಾನು, ಎಲ್ಲವನ್ನೂ ಅವಳು ಒರೆಸಿ ಜೋಡಿಸಿಟ್ಟಿದ್ದಾಳೆ. "ನಾನು ಅಳಲಿಲ್ಲ, ಅದಕ್ಕೇ ನಿಮಗೆ ನೆನಪಿಲ್ಲ," ಎನ್ನುತ್ತಾಳೆ. ಮುದುಕಿ ಅವಳ ಕೈಯನ್ನು ತನ್ನ ದಾರದ ಒಂದು ಗಂಟಿನ ಮೇಲಿಟ್ಟು, "ಎಣಿಕೆಗೆ ನೀನು ಬಂದಿದ್ದೀಯಲ್ಲ ತಾಯಿ," ಎನ್ನುತ್ತಾಳೆ.

ಮರುದಿನ ಅದನ್ನು ಮೇಡಂ ಮುಂದೆ ಹಿಡಿದ. ಅವರ ಕೈ ಮುಂದೆ ಬಂತು, ಅಕ್ಷರ ನೋಡಿ ಹಿಂದೆ ಹೋಯಿತು.

"ನಡುಗ್ತಿದೆ."

"ಹೌದು ಮೇಡಂ, ಬಸ್ಸಲ್ಲಿ ಬರೆದದ್ದು."

"ಹಾಗಾದ್ರೆ ಇದು ನಿಮ್ಮ ಸ್ವಂತದ್ದು. ಸಿಬ್ಬಂದಿಯ ಸ್ವಂತ ಕಾಗದ ನಾನು ಓದೋ ಹಾಗಿಲ್ಲ." ಹೇಳುವಾಗಲೂ ಅವರ ಕಣ್ಣು ಹಾಳೆಯ ಮೇಲೇ ಇತ್ತು. ಮೂವತ್ತಾರು ವರ್ಷ ಗುಂಡುಸೂಜಿ ಮುಟ್ಟದ ಕೈ ಅದು, ಈಗ ಕೊನೆಯ ಮೂರು ದಿನಕ್ಕೆ ಮುಟ್ಟೀತೇ?

ಅವನಿಗೆ ತೋಚಿದ್ದು ಒಂದೇ ದಾರಿ. ಆ ಸಂಜೆ ಏಳು ಪುಟವನ್ನೂ ಸೀಟಿನ ಮೇಲೆ ಬಿಟ್ಟು ಇಳಿದ. ಕಾಲೇಜು ಹುಡುಗಿಯೊಬ್ಬಳು ಓಡಿಬಂದು, "ಅಂಕಲ್, ನಿಮ್ದು," ಎಂದು ಕೈಗಿಟ್ಟಳು. ಮರುದಿನ ಬೆಳಿಗ್ಗೆ ಮತ್ತೆ ಬಿಟ್ಟ. ತರಕಾರಿ ಅಜ್ಜ ಕಿಟಕಿಯಿಂದ ಕೂಗಿ ಬಸ್ಸನ್ನೇ ನಿಲ್ಲಿಸಿದ. ಇಪ್ಪತ್ತೆರಡು ವರ್ಷ ಊರಿನ ಮರೆಗುಳಿತನವನ್ನೇ ನೋಡಿದ್ದವನಿಗೆ ಜನ ಇಷ್ಟು ಪ್ರಾಮಾಣಿಕರು ಎಂದು ಗೊತ್ತಿರಲಿಲ್ಲ. ಮೂರನೇ ಸಲ ಸೀಟಿನ ಅಡಿಗೆ ತುರುಕಿ, ತಿರುಗಿ ನೋಡದೆ ಇಳಿದುಬಿಟ್ಟ.

ಮೇಡಂ ಅವರ ಕೊನೆಯ ದಿನ ಕಂಡಕ್ಟರ್ ಚೀಲ ಸುರಿದ. ಒಂದು ಡಬ್ಬಿ, ಒಂದು ಎಡಗಾಲಿನ ಚಪ್ಪಲಿ, ಏಳು ಹಾಳೆ.

"ಬರಹವುಳ್ಳ ವಸ್ತು ಬಂದಿದೆ ಮೇಡಂ," ಎಂದ ಕೊಡೆಯಣ್ಣ, ರಿಜಿಸ್ಟರಿನಿಂದ ಕಣ್ಣೆತ್ತದೆ. "ಏಳನೇ ನಿಯಮ."

ಅವರು ಅವನನ್ನು ಒಂದು ಗಳಿಗೆ ನೋಡಿದರು. ಆಮೇಲೆ ನಿಂತಲ್ಲೇ ನಿಂತು ಓದಿದರು, ಮೊದಲಿನಿಂದ ಕೊನೆಯವರೆಗೆ. ಕೊನೆಯ ಹಾಳೆಯನ್ನು ಎರಡು ಸಲ ಓದಿದರು. ಕನ್ನಡಕ ಎದೆಯ ಮೇಲೆ ಇಳಿಬಿತ್ತು.

"ನಾಲ್ಕನೇ ಅಧ್ಯಾಯದ ಬಲಗಾಲು ಇನ್ನೂ ಹಾಗೇ ಇದೆ," ಎಂದರು.

"ಆ ಪುಟ ಕಚೇರೀದು ಮೇಡಂ. ನಾನು ಮುಟ್ಟೋ ಹಾಗಿಲ್ಲ."

ಮೇಡಂ ಬೀಗದಣ್ಣನಿಂದ ತೊಂಬತ್ತಾರು ಪುಟ ತರಿಸಿದರು. ಜೊತೆಗೆ ಕಾಲು ಮುರಿದ ಕುರ್ಚಿಗೆ, ಕೆಟ್ಟುಹೋದ ಫ್ಯಾನಿಗೆ ಹಾಕುವ ಸೀಲನ್ನೂ ತರಿಸಿದರು. ಕಚೇರಿಯ ಆಸ್ತಿ ಹೊರಗೆ ಹೋಗುವುದಕ್ಕೆ ಇದ್ದದ್ದು ಅದೊಂದೇ ಬಾಗಿಲು. ಕೆಲಸಕ್ಕೆ ಬಾರದ್ದು ಎಂದು ಅಧಿಕಾರಿ ಬರೆದುಕೊಟ್ಟರೆ ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. ಮೇಡಂ ಕೂತು ಒತ್ತತೊಡಗಿದರು. ನಿರುಪಯುಕ್ತ. ನಿರುಪಯುಕ್ತ. ಒಂದೊಂದು ಪುಟಕ್ಕೂ ನೇರವಾಗಿ, ಅಕ್ಷರದ ಮೇಲೆ ಬೀಳದಂತೆ ಅಂಚು ನೋಡಿಕೊಂಡು ಒತ್ತಿ, ಮಸಿ ಒಣಗಲಿ ಎಂದು ಬಾಯಿಂದ ಊದುತ್ತಿದ್ದರು. ಮೂವತ್ತನೇ ಪುಟದಲ್ಲಿ ಮತ್ತೆ ಫಕ್ಕನೆ ನಕ್ಕರು. ಯಾವುದಕ್ಕೆ ಎಂದು ಈ ಸಲ ಕೊಡೆಯಣ್ಣನಿಗೆ ಕಾಣಿಸಿತು, ಹನ್ನೊಂದು ವರ್ಷ ಸಾರ್ಥಕವಾಯಿತು ಅನ್ನಿಸಿತು.

"ತಗೊಳ್ಳಿ," ಎಂದರು, ಕಟ್ಟನ್ನು ಮುಂದಕ್ಕೆ ತಳ್ಳಿ. "ನಾಳೆಯಿಂದ ನಾನೂ ಇದೇ ಸೀಲಿನವಳು."

"ಕೊನೇ ಅಧ್ಯಾಯ ಮೇಡಂ?"

"ಅದು ಬೇರೆ ವಸ್ತು. ಅದಕ್ಕೆ ವಾರಸುದಾರರು ಬಂದಾಯ್ತು."

ಸಂಜೆ ಅವರು ಹೋದ ಮೇಲೆ ಕೊಡೆಯಣ್ಣ ರಿಜಿಸ್ಟರು ತೆರೆದ. ಆ ದಿನದ ಮೂರನೇ ನಮೂದು: ಕೈಬರಹದ ಹಾಳೆ, ಏಳು. ವಾರಸುದಾರರು ಎಂಬಲ್ಲಿ ಮೇಡಂ ಅವರ ಸಹಿ. ಮೂವತ್ತಾರು ವರ್ಷದಲ್ಲಿ ಅವರು ಅಲ್ಲಿಂದ ಮನೆಗೆ ಒಯ್ದದ್ದು ಅದೊಂದೇ. ಪಕ್ಕದಲ್ಲಿ, ಗುರುತು ಎಂಬ ಕಾಲಮ್ಮಿನಲ್ಲಿ, ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು: 'ಹುಟ್ಟಿದಾಗ ಅಳಲಿಲ್ಲ.'

ಕೊಡೆಯಣ್ಣ ದೀಪ ಆರಿಸಿ, ಬೀಗದಣ್ಣನಿಗೆ ಹೇಳಿ, ಬಸ್ಸು ಹತ್ತಿದ. ಹಿಂಚಕ್ರದ ಮೇಲಿನ ಸೀಟಿನಲ್ಲಿ ಕೂತು ನಾಲ್ಕನೇ ಅಧ್ಯಾಯ ತೆಗೆದು ಬಲಗಾಲನ್ನು ಹೊಡೆದುಹಾಕಿ ಎಡಗಾಲು ಎಂದು ಬರೆದ. ನಡುಗದ ಪುಟದಲ್ಲಿ ಅದೊಂದು ಪದ ನಡುಗಿತು. ಆಮೇಲೆ ಖಾಲಿ ಹಾಳೆ ತೆಗೆದು, ಕೊನೆಯ ಅಧ್ಯಾಯವನ್ನು ನೆನಪಿನಿಂದ ಇನ್ನೊಮ್ಮೆ ಬರೆಯಲು ಶುರುಮಾಡಿದ.